ವಾಲ್ವಿನ ತಲೆಯ ಮೇಲೊಬ್ಬ ನೀರಗಂಟಿ

ಊರಿಗೆ ನೀರು ಬಿಡುವ ನೀರಗಂಟಿಯ ಆಸ್ತಿ ಅಂದರೆ ಒಂದು ಹಳೇ ಟಿವಿಎಸ್ ಗಾಡಿ, ಎದೆಮಟ್ಟದ ಒಂದು ಕಬ್ಬಿಣದ ಕೀ. ಬೀದಿ ಮೂಲೆಯ ಚೇಂಬರಿನ ಮುಚ್ಚಳ ಸರಿಸುತ್ತಾನೆ. ಕೀಯನ್ನು ಕತ್ತಲೊಳಕ್ಕೆ ಇಳಿಬಿಟ್ಟು, ವಾಲ್ವಿನ ಚೌಕದ ತಲೆಯನ್ನು ಅಂದಾಜಿನಲ್ಲೇ ತಡಕಿ ಸಿಕ್ಕಿಸುತ್ತಾನೆ. ಆಮೇಲೆ ಎರಡೂ ಕೈಯಲ್ಲಿ ಸುತ್ತು, ಸುತ್ತು. ಎಷ್ಟು ಸುತ್ತಿಗೆ ಯಾವ ಕೇರಿಯ ನಲ್ಲಿಯಲ್ಲಿ ನೀರು ಬೀಳುತ್ತದೆ ಎಂಬ ಲೆಕ್ಕ ಅವನಿಗೆ ಬಾಯಿಪಾಠ. ಮುಚ್ಚುವಾಗ ಮಾತ್ರ ಅವನು ಎಣಿಕೆಯನ್ನು ನಂಬುವುದಿಲ್ಲ. ಒಳಗಿನ ಗೇಟು ಹೋಗಿ ತನ್ನ ಸೀಟಿನಲ್ಲಿ ಕೂತ ಕ್ಷಣ ಕೀ ಬಿಗಿಯುತ್ತದೆ, ಮಣಿಕಟ್ಟಿಗೆ ಅದು ತಿಳಿಯುತ್ತದೆ. ಇನ್ನೊಂದಿಷ್ಟು ಒತ್ತಿ ನಿಲ್ಲಿಸುತ್ತಾನೆ. ಹೊಸಬನ ಕೈಗೆ ಕೀ ಕೊಟ್ಟರೆ ಅಲ್ಲಿಗೂ ನಿಲ್ಲದೆ ಬಲ ಹಾಕಿ ಸ್ಪಿಂಡಲ್ಲಿನ ತ್ರೆಡ್ಡು ಕಿತ್ತಿಡುವುದೂ ಉಂಟು. ಮಾರನೆಯ ದಿನ ರಸ್ತೆ ಅಗೆತ.

ನೀರಗಂಟಿ ಎಂಬ ಹೆಸರು ನಲ್ಲಿಗಿಂತ ಹಳೆಯದು. ಕೆರೆಯ ತೂಬು ಎತ್ತಿ, ಸರದಿ ತಪ್ಪದಂತೆ ಗದ್ದೆಗಳಿಗೆ ನೀರು ಹಾಯಿಸುತ್ತಿದ್ದವನ ಹೆಸರು ಅದು. ಪಂಚಾಯಿತಿಯ ಪೈಪು ಬಂದಮೇಲೆ ಹೊಸ ಕೆಲಸಕ್ಕೂ ಅದೇ ಹೆಸರು ಅಂಟಿಕೊಂಡಿತು. ಅವನ ತೋಳು, ಅವನ ಎಣಿಕೆ, ಅವನ ಮಣಿಕಟ್ಟು ಇಷ್ಟನ್ನೂ ಒಂದು ಎರಕದ ಪೆಟ್ಟಿಗೆಯೊಳಗೆ ತುಂಬಿ ವಾಲ್ವಿನ ತಲೆಯ ಮೇಲೆ ಕೂರಿಸಿದರೆ ಅದೇ ಎಲೆಕ್ಟ್ರಿಕ್ ವಾಲ್ವ್ ಆಕ್ಚುಯೇಟರ್. ಕಾರ್ಖಾನೆಗಳಲ್ಲಿ ಅಷ್ಟುದ್ದದ ಹೆಸರಿಗೆ ಯಾರಿಗೂ ಪುರಸೊತ್ತಿಲ್ಲ. ಮೋಟರೂ ವಾಲ್ವೂ ಸೇರಿ ಅಲ್ಲಿ ಅದು ಬರೀ 'ಎಂಓವಿ'.

ನೀರು ಶುದ್ಧೀಕರಣ ಘಟಕ, ಶಾಖೋತ್ಪನ್ನ ವಿದ್ಯುತ್ ಸ್ಥಾವರ, ತೈಲ ಡಿಪೋ, ಅಣುಸ್ಥಾವರ, ಹಡಗಿನ ತಳ, ಆಸ್ಪತ್ರೆಯ ಎಸಿ ಕೊಠಡಿ, ಎಲ್ಲ ಕಡೆಯೂ ಈ ಪೆಟ್ಟಿಗೆ ಕೂತಿದೆ. ಕಣ್ಣಿಗೆ ಬಿದ್ದರೂ ಯಾರೂ ಗಮನಿಸುವುದಿಲ್ಲ. ಮೋಟರು ಹಾಕಿ ವಾಲ್ವು ತಿರುಗಿಸುವುದರಲ್ಲಿ ಅಂಥ ವಿಶೇಷವೇನಿದೆ ಎಂದು ಕೇಳಿದರೆ, ತಿರುಗಿಸುವುದರಲ್ಲಿ ನಿಜಕ್ಕೂ ಏನಿಲ್ಲ. ಈ ಯಂತ್ರದ ಕಥೆಯೆಲ್ಲ ಇರುವುದು ನಿಲ್ಲಿಸುವುದರಲ್ಲಿ: ಯಾವಾಗ ನಿಲ್ಲಬೇಕು, ಎಲ್ಲಿ ನಿಂತಿದೆ, ಆ ಮಾತನ್ನು ದೂರದಲ್ಲಿ ಕೂತವನಿಗೆ ಸುಳ್ಳಿಲ್ಲದೆ ಹೇಳುವುದು ಹೇಗೆ.

ಪೆಟ್ಟಿಗೆ ಬಿಚ್ಚಿ ನೋಡಬಹುದು. ಒಳಗೊಂದು ಮೋಟರು, ನಿಮಿಷಕ್ಕೆ ಸುಮಾರು 1,400 ಸುತ್ತಿನದು ಎಂದಿಟ್ಟುಕೊಳ್ಳೋಣ. ಅದರ ತುದಿಗೆ ಸ್ಕ್ರೂ ಆಕಾರದ ಒಂದು ದಂಡ. ಹುಳುವಿನಂತೆ ಸುತ್ತಿಕೊಂಡಿರುವುದರಿಂದ ಅದಕ್ಕೆ ವರ್ಮ್ ಎಂದೇ ಹೆಸರು. ವರ್ಮ್ ಒಂದು ಸುತ್ತು ಬಂದರೆ ಎದುರಿನ ಹಲ್ಲುಚಕ್ರ ಒಂದೇ ಒಂದು ಹಲ್ಲು ಮುಂದೆ ಸರಿಯುತ್ತದೆ. ಚಕ್ರಕ್ಕೆ 40 ಹಲ್ಲಿದ್ದರೆ 1,400 ಸುತ್ತು 35ಕ್ಕೆ ಇಳಿಯಿತು. ವೇಗ ಇಳಿದಷ್ಟೂ ಬಲ ಏರಿತು. 600 ಮಿಲಿಮೀಟರ್ ವ್ಯಾಸದ ಗೇಟ್ ವಾಲ್ವಿನ ಸ್ಪಿಂಡಲ್ಲು ಸುತ್ತಿಗೆ 10 ಮಿಲಿಮೀಟರ್ ಇಳಿಯುವಂಥದ್ದಾದರೆ ಪೂರ್ತಿ ಮುಚ್ಚಲು 60 ಸುತ್ತು ಬೇಕು, ಹತ್ತಿರ ಹತ್ತಿರ ಎರಡು ನಿಮಿಷ. ಇದೇ ಕೆಲಸ ಕೈಯಲ್ಲಿ ಮಾಡಿದವನಿಗೆ ಆಮೇಲೆ ಒಂದು ಲೋಟ ಟೀ ಬೇಕೇ ಬೇಕು.

ವರ್ಮಿನ ಇನ್ನೊಂದು ಗುಣ ದೊಡ್ಡದು. ವರ್ಮ್ ಚಕ್ರವನ್ನು ತಿರುಗಿಸಬಲ್ಲದು, ಚಕ್ರ ವರ್ಮನ್ನು ತಿರುಗಿಸಲಾರದು. ಹೀಗಾಗಿ ಕರೆಂಟು ಹೋದರೆ ಪೈಪಿನೊಳಗಿನ ಒತ್ತಡ ಎಷ್ಟೇ ನೂಕಿದರೂ ವಾಲ್ವು ಇದ್ದಲ್ಲೇ ಇರುತ್ತದೆ. ಈ ಹಟಮಾರಿತನ ಕೆಲವು ಕಡೆ ವರ, ಕೆಲವು ಕಡೆ ಶಾಪ. ಆ ಮಾತು ಮುಂದೆ ಬರುತ್ತದೆ.

ಮಣಿಕಟ್ಟಿನ ಕೆಲಸವನ್ನು ಮಾಡುವುದೂ ಇದೇ ವರ್ಮ್. ಅದನ್ನು ಮೋಟರಿನ ದಂಡಕ್ಕೆ ಗಟ್ಟಿಯಾಗಿ ಬಂಧಿಸಿರುವುದಿಲ್ಲ, ಎರಡೂ ಕಡೆ ಬಿರುಸಾದ ಸ್ಪ್ರಿಂಗು ಕೊಟ್ಟು ನಡುವೆ ಹಿಡಿದಿಟ್ಟಿರುತ್ತಾರೆ. ಗೇಟು ಸೀಟಿನಲ್ಲಿ ಕೂತು ಚಕ್ರ 'ಇನ್ನು ತಿರುಗಲಾರೆ' ಎಂದಾಗ ಮೋಟರು ಬಿಡದೆ ತಿರುಗಿಸುತ್ತಿರುತ್ತದೆ. ಆಗ ವರ್ಮ್ ತಾನೇ ಸ್ಕ್ರೂವಿನಂತೆ ಚಕ್ರದ ಹಲ್ಲುಗಳ ಮೇಲೆ ತೆವಳಿ, ಸ್ಪ್ರಿಂಗನ್ನು ಒತ್ತಿ ಪಕ್ಕಕ್ಕೆ ಸರಿಯುತ್ತದೆ. ಎಷ್ಟು ಸರಿಯಿತು ಎಂಬುದೇ ಎಷ್ಟು ಬಲ ಬಿತ್ತು ಎಂಬುದರ ಅಳತೆ. ನಿಗದಿ ಮಾಡಿದಷ್ಟು ಸರಿದಾಗ ಒಂದು ಸಣ್ಣ ಸ್ವಿಚ್ಚು ಒತ್ತಿ ಮೋಟರು ನಿಲ್ಲುತ್ತದೆ. ಇದು ಟಾರ್ಕ್ ಸ್ವಿಚ್ಚು. ಸುತ್ತುಗಳನ್ನು ಎಣಿಸಿ ನಿಲ್ಲಿಸುವುದು ಇನ್ನೊಂದು, ಲಿಮಿಟ್ ಸ್ವಿಚ್ಚು. ಗೇಟ್ ವಾಲ್ವು ಬಿಗಿಯಾಗಿ ಮುಚ್ಚಬೇಕಾದ್ದರಿಂದ ಮುಚ್ಚುವಾಗ ಸಾಮಾನ್ಯವಾಗಿ ಟಾರ್ಕಿನ ಮಾತು ಕೇಳುತ್ತಾರೆ. ತೆರೆಯುವಾಗ ಎಣಿಕೆಯ ಮಾತು.

ತೆರೆಯುವುದರಲ್ಲಿ ಒಂದು ಪೇಚಿದೆ. ತಿಂಗಳುಗಟ್ಟಲೆ ಮುಚ್ಚಿ ಕೂತ ವಾಲ್ವು ಉಪ್ಪಿನಕಾಯಿ ಬಾಟ್ಲಿಯ ಮುಚ್ಚಳದ ಹಾಗೆ. ಮೊದಲ ಸಲ ಕದಲಿಸಲು ಬೇಕಾದಷ್ಟು ಬಲ ಆಮೇಲೆ ಬೇಕಾಗುವುದಿಲ್ಲ. ಬಾಟ್ಲಿಯ ಮುಚ್ಚಳ ಬಾರದಿದ್ದರೆ ಅಡುಗೆಮನೆಯಲ್ಲಿ ಅದರ ಅಂಚಿಗೆ ಚಮಚದಿಂದ ಕುಟ್ಟುತ್ತಾರೆ. ಆಕ್ಚುಯೇಟರ್ ಮಾಡುವುದೂ ಅದನ್ನೇ. ಅದರ ಚಕ್ರಕ್ಕೂ ಸ್ಪಿಂಡಲ್ಲನ್ನು ಹಿಡಿದ ತೋಳಿಗೂ ನಡುವೆ ಬೇಕೆಂದೇ ಸಡಿಲ ಬಿಟ್ಟಿರುತ್ತಾರೆ. ಮೋಟರು ಶುರುವಾದಾಗ ಚಕ್ರ ಸ್ವಲ್ಪ ದೂರ ಖಾಲಿ ಓಡಿ, ವೇಗ ಹಿಡಿದು, ತೋಳಿಗೆ ಟಪ್ಪೆಂದು ಬಡಿಯುತ್ತದೆ. ಅದಕ್ಕೆ ಹ್ಯಾಮರ್ ಬ್ಲೋ ಎಂದೇ ಹೆಸರು. ಹಳೆಯ ಪಂಪ್‌ಹೌಸಿನಲ್ಲಿ ನಿಂತಿದ್ದರೆ ಆ ಏಟು ಕಿವಿಗೆ ಕೇಳುತ್ತದೆ. ಆ ಮೊದಲ ಸೆಣಸಾಟದ ಹೊತ್ತಿನಲ್ಲಿ ಟಾರ್ಕ್ ಸ್ವಿಚ್ಚು 'ಬಲ ಹೆಚ್ಚಾಯಿತು' ಎಂದು ಮೋಟರನ್ನು ನಿಲ್ಲಿಸಿಬಿಟ್ಟರೆ ವಾಲ್ವು ತೆರೆಯುವುದೇ ಇಲ್ಲ. ಅದಕ್ಕೇ ತೆರೆಯುವ ಮೊದಲ ಭಾಗದಲ್ಲಿ ಟಾರ್ಕ್ ಸ್ವಿಚ್ಚಿನ ಬಾಯಿ ಕಟ್ಟಿರುತ್ತಾರೆ. ಎಷ್ಟು ದೂರದವರೆಗೆ ಕಟ್ಟಬೇಕು? ಅದನ್ನು ಮನುಷ್ಯ ಸೆಟ್ ಮಾಡಬೇಕು.

1985ರ ಜೂನ್ 9ರ ನಡುರಾತ್ರಿ ಕಳೆದ ಹೊತ್ತು, ಅಮೆರಿಕದ ಓಹಾಯೊ ರಾಜ್ಯದ ಡೇವಿಸ್-ಬೆಸ್ಸೆ ಅಣುಸ್ಥಾವರದಲ್ಲಿ ಈ ಸೆಟ್ಟಿಂಗು ಪ್ರಾಣಸಂಕಟಕ್ಕೆ ತಂದಿತು. ಉಗಿ ಉತ್ಪಾದಕಗಳಿಗೆ ನೀರು ಕೊಡುವ ಮುಖ್ಯ ಪಂಪುಗಳು ಕೈಕೊಟ್ಟವು. ಗಡಿಬಿಡಿಯಲ್ಲಿ ಆಪರೇಟರ್ ಒತ್ತಿದ ಗುಂಡಿ ತಪ್ಪಾಗಿ, ನೆರವಿಗೆ ಬರಬೇಕಿದ್ದ ನೀರಿನ ದಾರಿಯ ಎರಡು ವಾಲ್ವುಗಳು ಮುಚ್ಚಿಕೊಂಡವು. ತಪ್ಪು ತಕ್ಷಣ ಗೊತ್ತಾಯಿತು, ತೆರೆಯುವ ಆದೇಶವೂ ಹೋಯಿತು. ವಾಲ್ವುಗಳು ಮಾತ್ರ ತೆರೆಯಲಿಲ್ಲ. ಒಂದು ಕಡೆ ಭಾರೀ ಒತ್ತಡ, ಇನ್ನೊಂದು ಕಡೆ ಇಲ್ಲ. ಗೇಟನ್ನು ಎಳೆಯಲು ಬೇಕಾದ ಬಲ ಏರುತ್ತಿದ್ದಂತೆ, ಬಾಯಿ ಬೇಗ ಬಿಚ್ಚಿದ್ದ ಟಾರ್ಕ್ ಸ್ವಿಚ್ಚು ಮೋಟರನ್ನು ನಿಲ್ಲಿಸಿತು. ಕೊನೆಗೆ ಆಪರೇಟರುಗಳು ಮೆಟ್ಟಿಲಿಳಿದು, ಬೀಗ ಹಾಕಿದ್ದ ಬಾಗಿಲುಗಳನ್ನು ತೆಗೆಯುತ್ತ ಓಡಿಹೋಗಿ ಹ್ಯಾಂಡ್‌ವೀಲು ಹಿಡಿದು ಕೈಯಿಂದ ತಿರುಗಿಸಿದರು. ಎರಡೂ ತೆರೆದವು, ಅನಾಹುತ ತಪ್ಪಿತು.

ಮೋಟರು ಸರಿಯಿತ್ತು, ವಾಲ್ವು ಸರಿಯಿತ್ತು, ಕರೆಂಟೂ ಇತ್ತು. ಎಡವಟ್ಟಾದದ್ದು ಒಂದು ಸಣ್ಣ ಸ್ವಿಚ್ಚಿನ ಹೊಂದಿಕೆಯಲ್ಲಿ. ಒತ್ತಡವಿಲ್ಲದ ಪೈಪಿನಲ್ಲಿ ಪರೀಕ್ಷಿಸಿದಾಗಲೆಲ್ಲ ಪಾಸಾಗುವ ವಾಲ್ವು ನಿಜವಾದ ಒತ್ತಡದಲ್ಲಿ ಫೇಲಾಗಬಹುದು ಎಂಬುದು ಅಲ್ಲಿಯ ಅಣುಶಕ್ತಿ ನಿಯಂತ್ರಣ ಆಯೋಗಕ್ಕೆ ಚುರುಕು ಮುಟ್ಟಿಸಿತು. 1989ರಲ್ಲಿ ಆಯೋಗ ದೇಶದ ಎಲ್ಲ ಅಣುಸ್ಥಾವರಗಳಿಗೆ ಪತ್ರ ಬರೆದು, ಸುರಕ್ಷತೆಗೆ ಸಂಬಂಧಿಸಿದ ಪ್ರತಿಯೊಂದು ಎಂಓವಿಯೂ ತನ್ನ ಅತಿ ಕಷ್ಟದ ಗಳಿಗೆಯಲ್ಲಿ ಕೆಲಸ ಮಾಡುತ್ತದೆಂದು ತೋರಿಸಬೇಕು ಎಂದಿತು. ಅದೊಂದು ಪತ್ರ ಎಂಜಿನಿಯರುಗಳಿಗೆ ವರ್ಷಗಟ್ಟಲೆ ಕೆಲಸ ಕೊಟ್ಟಿತು.

ಇಂಥ ವಾಲ್ವುಗಳ ಬದುಕೇ ವಿಚಿತ್ರ. ಉತ್ತರ ಕನ್ನಡದ ಕೈಗಾ ಸ್ಥಾವರದ ಒಂದನೇ ಘಟಕ 2016ರ ಮೇ ತಿಂಗಳಲ್ಲಿ ಶುರುವಾಗಿ 2018ರ ಡಿಸೆಂಬರ್ 31ರವರೆಗೆ 962 ದಿನ ಒಮ್ಮೆಯೂ ನಿಲ್ಲದೆ ಓಡಿ, ಆ ಹೊತ್ತಿಗೆ ಜಾಗತಿಕ ದಾಖಲೆ ಮಾಡಿತ್ತು. ಹಾಗೆ ಓಡುವ ಸ್ಥಾವರದಲ್ಲಿ ತುರ್ತಿಗೆಂದೇ ಇಟ್ಟ ವಾಲ್ವುಗಳಿಗೆ ನಿಜವಾದ ಕೆಲಸ ಇರುವುದಿಲ್ಲ. ನಡುನಡುವೆ ಪರೀಕ್ಷೆಗೆಂದು ಕದಲಿಸಿ ಮತ್ತೆ ಕೂರಿಸುತ್ತಾರೆ. ತೈಲ ಮತ್ತು ಅನಿಲದ ಉದ್ಯಮದಲ್ಲಿ ಇದಕ್ಕೊಂದು ಜಾಣ ಉಪಾಯವಿದೆ. ಪೂರ್ತಿ ಮುಚ್ಚಿದರೆ ಉತ್ಪಾದನೆ ನಿಲ್ಲುತ್ತದಲ್ಲ, ಅದಕ್ಕೆ ಶೇಕಡಾ 10–20ರಷ್ಟು ಮಾತ್ರ ಅಲುಗಿಸಿ ಹಿಂದಕ್ಕೆ ತರುತ್ತಾರೆ. ಮಲಗಿದವನ ಭುಜ ತಟ್ಟಿ, ಅವನು ಮಗ್ಗುಲು ಬದಲಿಸಿದರೆ ಸಾಕು ಎಂದು ಸುಮ್ಮನಾದಂತೆ.

ನಿಲ್ಲಿಸಿದ್ದಾಯಿತು. ನಿಂತದ್ದು ಎಲ್ಲಿ?

1979ರ ಮಾರ್ಚ್ 28ರ ಬೆಳಗಿನ ಜಾವ ನಾಲ್ಕು ಗಂಟೆಗೆ ಪೆನ್ಸಿಲ್ವೇನಿಯದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ, ಒತ್ತಡ ಇಳಿಸಲು ತೆರೆದ ಒಂದು ವಾಲ್ವು ಮತ್ತೆ ಮುಚ್ಚಿಕೊಳ್ಳಲಿಲ್ಲ. ಕಂಟ್ರೋಲ್ ರೂಮಿನ ದೀಪ ಮಾತ್ರ ಆರಿತು. ಆರಿದ್ದರಿಂದ ವಾಲ್ವು ಮುಚ್ಚಿದೆ ಎಂದು ಎಲ್ಲರೂ ತಿಳಿದರು. ಆ ದೀಪಕ್ಕೆ ಜೋಡಿಸಿದ್ದದ್ದು ವಾಲ್ವಿನ ಸ್ಥಿತಿಯನ್ನಲ್ಲ, ವಾಲ್ವನ್ನು ತೆರೆಯುವ ಸೊಲೆನಾಯ್ಡ್ ಎಂಬ ವಿದ್ಯುತ್ ಸುರುಳಿಗೆ ಹೋಗುವ ಕರೆಂಟನ್ನು. ಕರೆಂಟು ನಿಂತಿತ್ತು, ದೀಪ ಆರಿತ್ತು, ವಾಲ್ವು ಬಾಯಿ ತೆರೆದೇ ಇತ್ತು. ರಿಯಾಕ್ಟರನ್ನು ತಣಿಸಬೇಕಾದ ನೀರು ಎರಡು ಗಂಟೆಗೂ ಮೀರಿ ಆ ಬಾಯಿಂದ ಹೊರಹೋಯಿತು. ಕೊನೆಗೆ 6 ಗಂಟೆ 22 ನಿಮಿಷಕ್ಕೆ ಅದೇ ದಾರಿಯಲ್ಲಿದ್ದ ಇನ್ನೊಂದು ತಡೆ ವಾಲ್ವನ್ನು ಮುಚ್ಚಿದಾಗ ಸೋರಿಕೆ ನಿಂತಿತು. ಅಷ್ಟರಲ್ಲಿ ಇಂಧನ ಕರಗತೊಡಗಿತ್ತು. ಅದೇ ಬೆಳಗ್ಗೆ ಇನ್ನೊಂದು ಕಡೆ, ನೆರವಿನ ನೀರಿನ ದಾರಿಯ ಎರಡು ವಾಲ್ವುಗಳು ಮುಚ್ಚಿದ್ದವು. ಅದು ಗೊತ್ತಾಗಲು ಎಂಟು ನಿಮಿಷ ಹಿಡಿಯಿತು. ಆ ವಾಲ್ವುಗಳ ದೀಪಗಳಲ್ಲಿ ಒಂದರ ಮೇಲೆ ದುರಸ್ತಿಯ ಚೀಟಿಯೊಂದು ಜೋತಾಡುತ್ತಿತ್ತು.

ಆಳಿಗೆ 'ಬಾಗಿಲು ಹಾಕು' ಎಂದು ಹೇಳಿದ್ದೇ ಬಾಗಿಲು ಹಾಕಿದ್ದಕ್ಕೆ ಸಾಕ್ಷಿಯೇ? ಇಂದಿನ ಆಕ್ಚುಯೇಟರುಗಳು ಸ್ಪಿಂಡಲ್ಲಿನ ಜೊತೆ ತಿರುಗುವ ಎನ್‌ಕೋಡರಿನಿಂದ ತಮ್ಮ ಸ್ಥಾನವನ್ನು ನೇರ ಓದುತ್ತವೆ. ಕೆಲವು ಪ್ರತಿ ಸಲ ತೆರೆದು ಮುಚ್ಚುವಾಗಲೂ ಎಲ್ಲೆಲ್ಲಿ ಎಷ್ಟು ಬಲ ಬೇಕಾಯಿತು ಎಂದು ಬರೆದಿಟ್ಟುಕೊಂಡು, ಈ ವರ್ಷದ ಗೆರೆಯನ್ನು ಹೋದ ವರ್ಷದ ಗೆರೆಯ ಪಕ್ಕ ಇಟ್ಟು ತೋರಿಸುತ್ತವೆ. ವಾಲ್ವಿನ ಇಸಿಜಿ ಎನ್ನಬಹುದು.

ಇಷ್ಟೆಲ್ಲ ಬುದ್ಧಿ ಇರುವ ಪೆಟ್ಟಿಗೆಗೆ ದೊಡ್ಡ ಶತ್ರು ಮಾತ್ರ ತೀರ ಸಾಮಾನ್ಯವಾದ ತೇವ. ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಹೊರಹೋಗುತ್ತದೆ, ರಾತ್ರಿ ತಣಿದಾಗ ಹೊರಗಿನ ಹಸಿಗಾಳಿ ಒಳಬರುತ್ತದೆ, ಪೆಟ್ಟಿಗೆಯ ಒಳಗೋಡೆ ಬೆವರುತ್ತದೆ. 1957ರಲ್ಲಿ ಇಂಗ್ಲೆಂಡಿನ ಬಾತ್ ಊರಿನಲ್ಲಿ ರೋಟಾರ್ಕ್ ಎಂಬ ಕಂಪನಿ ಶುರುಮಾಡಿದ ಜೆರೆಮಿ ಫ್ರೈ ಈ ಬೆವರಿನ ಬೆನ್ನು ಹತ್ತಿದವರಲ್ಲಿ ಒಬ್ಬರು. ವೈರುಗಳು ಬರುವ ಭಾಗಕ್ಕೂ ಒಳಗಿನ ಯಂತ್ರಕ್ಕೂ ನಡುವೆ ಇನ್ನೊಂದು ಸೀಲು ಹಾಕಿದರು, ಎಲೆಕ್ಟ್ರಿಷಿಯನ್ ಮಳೆಯಲ್ಲಿ ಮುಚ್ಚಳ ಸರಿಯಾಗಿ ಹಾಕದೆ ಹೋದರೂ ಯಂತ್ರ ಒಣಗಿರುತ್ತದೆ. ಈಗ ಹಲವು ಪೆಟ್ಟಿಗೆಗಳಲ್ಲಿ ಸೆಟ್ಟಿಂಗಿಗೆಂದು ಮುಚ್ಚಳ ಬಿಚ್ಚುವ ಪ್ರಮೇಯವೇ ಇಲ್ಲ, ಟಿವಿ ರಿಮೋಟಿನಂಥದ್ದನ್ನು ಹಿಡಿದು ಗಾಜಿನ ಕಿಂಡಿಯ ಮೂಲಕ ಅದನ್ನು ಬದಲಿಸುತ್ತಾರೆ. 1964ರಲ್ಲಿ ಹುಟ್ಟಿದ ಜರ್ಮನಿಯ ಔಮಾ ಕಂಪನಿಯೂ ಈ ಕಸುಬಿನ ದೊಡ್ಡ ಹೆಸರು. ಅದರ ಭಾರತದ ಕಾರ್ಖಾನೆ ಇರುವುದು ಬೆಂಗಳೂರಿನಲ್ಲಿ.

ಪೆಟ್ರೋಲಿನ ಆವಿ ಇರುವ ಜಾಗಕ್ಕೆ ಹೋಗುವ ಪೆಟ್ಟಿಗೆಯದು ಇನ್ನೊಂದು ಜಾಣ್ಮೆ. ಅದು ಆವಿ ಒಳಗೆ ಬಾರದಂತೆ ತಡೆಯುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಲ್ಲ. ಒಳಗೆ ಆವಿ ಬಂದೇ ಬರುತ್ತದೆ, ಸ್ವಿಚ್ಚಿನ ಕಿಡಿಗೆ ಹೊತ್ತಿಕೊಂಡು ಒಳಗೇ ಸ್ಫೋಟವೂ ಆಗಬಹುದು ಎಂದೇ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಗೋಡೆ ದಪ್ಪ, ಆ ಸ್ಫೋಟವನ್ನು ತಡೆದುಕೊಳ್ಳುತ್ತದೆ. ಮುಚ್ಚಳದ ಜೋಡಣೆಯ ಸಂದಿ ಎಷ್ಟು ಕಿರಿದು, ಎಷ್ಟು ಉದ್ದ ಎಂದರೆ ಜ್ವಾಲೆ ಅದರೊಳಗೆ ನುಸುಳಿ ಹೊರಬರುವಷ್ಟರಲ್ಲಿ ತಣ್ಣಗಾಗಿ ಹೊರಗಿನ ಆವಿಯನ್ನು ಹೊತ್ತಿಸುವ ತಾಕತ್ತು ಕಳೆದುಕೊಂಡಿರುತ್ತದೆ. 1815ರಲ್ಲಿ ಹಂಫ್ರಿ ಡೇವಿ ಗಣಿಯ ದೀಪಕ್ಕೆ ತಂತಿಬಲೆ ಸುತ್ತಿದ್ದರ ಹಿಂದಿನ ತತ್ವವೇ ಇದು.

ನೀರಿನ ಕಡೆಗೆ ಬಂದರೆ ಇಲ್ಲಿ ಸ್ಫೋಟದ ಭಯವಿಲ್ಲ, ಆದರೆ ಆತುರ ಕೂಡದು. ಮನೆಯಲ್ಲಿ ಜೋರಾಗಿ ಬರುವ ನಲ್ಲಿಯನ್ನು ಫಕ್ಕನೆ ನಿಲ್ಲಿಸಿದರೆ ಗೋಡೆಯೊಳಗಿನ ಪೈಪು 'ದಡ್' ಎನ್ನುತ್ತದೆ. ಊರಿನ ಪೈಪಿನಲ್ಲಿ ಈ ದಡ್ ಪೈಪನ್ನೇ ಸೀಳಬಲ್ಲದು. ಮಾಸ್ಕೋ ನಗರದ ನೀರಿನ ಪೈಪುಗಳು ಒಡೆಯುತ್ತಿದ್ದಾಗ ಕಾರಣ ಹುಡುಕಲು ಹೊರಟವರು ನಿಕೊಲಾಯ್ ಝುಕೋವ್‌ಸ್ಕಿ, ಮುಂದೆ ರಷ್ಯಾದ ವಿಮಾನಶಾಸ್ತ್ರದ ಪಿತಾಮಹ ಎನಿಸಿಕೊಂಡವರು. 1897ರಲ್ಲಿ ಅಲ್ಲಿಯ ಪಂಪಿಂಗ್ ಸ್ಟೇಷನ್ನಿನಲ್ಲಿ ಅವರು ನಡೆಸಿದ ಪ್ರಯೋಗದಿಂದ ಹೊರಬಂದ ಲೆಕ್ಕ ಇಂದಿಗೂ ಎಂಜಿನಿಯರುಗಳ ಅಂಗೈಯಲ್ಲಿದೆ. ಪೈಪಿನಲ್ಲಿ ನೀರು ಸೆಕೆಂಡಿಗೆ ಒಂದೇ ಮೀಟರ್, ಅಂದರೆ ಆರಾಮವಾಗಿ ನಡೆಯುವವನ ವೇಗದಲ್ಲಿ ಹೋಗುತ್ತಿರಲಿ. ಅದನ್ನು ಒಮ್ಮೆಗೇ ತಡೆದರೆ ನೂರು ಮೀಟರ್ ಎತ್ತರದ ನೀರಿನ ಕಂಬ ತಂದು ನಿಲ್ಲಿಸಿದಷ್ಟು ಹೆಚ್ಚುವರಿ ಒತ್ತಡ ವಾಲ್ವಿನ ಬುಡದಲ್ಲಿ ಎದ್ದು, ಅಲೆಯಾಗಿ ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ವೇಗದಲ್ಲಿ ಹಿಂದಕ್ಕೆ ಓಡುತ್ತದೆ.

ಆ ಅಲೆ ಪೈಪಿನ ಆಚೆ ತುದಿ ಮುಟ್ಟಿ ಹಿಂತಿರುಗುವಷ್ಟರಲ್ಲಿ ವಾಲ್ವು ಮುಚ್ಚಿಬಿಟ್ಟರೆ ಪೂರಾ ಏಟು ಬೀಳುತ್ತದೆ. 30 ಕಿಲೋಮೀಟರ್ ಪೈಪಿನಲ್ಲಿ ಹೋಗಿಬರುವ ಆ ಹೊತ್ತು ಒಂದು ನಿಮಿಷ. ಬಟರ್‌ಫ್ಲೈ ವಾಲ್ವು ಬರೀ ಕಾಲು ಸುತ್ತಿನಲ್ಲಿ ಮುಚ್ಚುವಂಥದ್ದು, ಅದರಲ್ಲೂ ಹರಿವು ನಿಜವಾಗಿ ಕುಗ್ಗುವುದು ಕೊನೆಯ ಸ್ವಲ್ಪ ಭಾಗದಲ್ಲಿ. ಹಾಗಾಗಿ ಅದರ ಆಕ್ಚುಯೇಟರಿಗೆ ಮೊದಲರ್ಧ ಬೇಗ, ಕೊನೆಯ ಭಾಗ ನಿಧಾನ ಎಂದು ಕಲಿಸಿರುತ್ತಾರೆ: ಒಂದು ಗಳಿಗೆ ಓಡು, ನಾಲ್ಕು ಗಳಿಗೆ ನಿಲ್ಲು, ಮತ್ತೆ ಓಡು. ಬೆಂಗಳೂರಿಗೆ ಕಾವೇರಿ ನೀರು ಬರುವುದು ತೊರೆಕಾಡನಹಳ್ಳಿಯಿಂದ, ಸುಮಾರು 100 ಕಿಲೋಮೀಟರ್ ದೂರ. ಹಾರೋಹಳ್ಳಿ, ತಾತಗುಣಿ ಸೇರಿ ಮೂರು ಹಂತಗಳಲ್ಲಿ ಅರ್ಧ ಕಿಲೋಮೀಟರಿನಷ್ಟು ಮೇಲಕ್ಕೆ ಅದನ್ನು ಎತ್ತಬೇಕು. 2024ರ ಅಕ್ಟೋಬರ್ 16ರಂದು ಶುರುವಾದ ಐದನೇ ಹಂತವೊಂದೇ ದಿನಕ್ಕೆ 77.5 ಕೋಟಿ ಲೀಟರ್ ನೀರು ತರಲೆಂದು ಕಟ್ಟಿದ್ದು. ಅಷ್ಟು ನೀರು ಗುಡ್ಡ ಹತ್ತುತ್ತಿರುವಾಗ ಗಡಿಬಿಡಿಯ ಕೈ ವಾಲ್ವಿನ ಹತ್ತಿರವೂ ಸುಳಿಯಬಾರದು.

ಕಾಲುವೆಯಲ್ಲಿ ವಾಲ್ವಿಲ್ಲ, ಗೇಟಿದೆ. ಅದನ್ನು ಎತ್ತಿಳಿಸುವ ಮೋಟರಿನ ಸಂಸಾರ ಮಾತ್ರ ಇದೇ. ಯಾದಗಿರಿ ಸೀಮೆಯ ನಾರಾಯಣಪುರ ಎಡದಂಡೆ ಕಾಲುವೆಯನ್ನು ನವೀಕರಿಸಿ 2023ರ ಜನವರಿ 19ರಂದು ಲೋಕಾರ್ಪಣೆ ಮಾಡಿದಾಗ ಹೆಚ್ಚು ಸುದ್ದಿಯಾದದ್ದು ಸ್ಕಾಡಾ ಎಂಬ ದೂರನಿಯಂತ್ರಣ ವ್ಯವಸ್ಥೆ. ಸೌರಫಲಕದ ಕರೆಂಟಿನಲ್ಲಿ ಏರಿಳಿಯುವ, ಎಷ್ಟು ನೀರು ಹೋಯಿತೆಂದು ತಾನೇ ಅಳೆಯುವ ಗೇಟುಗಳು ಆ ಬಯಲಿನ ತುಂಬ ಎದ್ದು ನಿಂತಿವೆ. ಕೃಷ್ಣಾ ಕಾಲುವೆಗಳ ಕೊನೆಯಂಚಿನ ರೈತನ ಗೋಳು ಹಳೆಯದು: ಮೇಲಿನವರು ಬತ್ತಕ್ಕೆ ಮನಸೋ ಇಚ್ಛೆ ಹಾಯಿಸಿಕೊಂಡಮೇಲೆ ಕೆಳಗಿನವನಿಗೆ ಕೆಸರು. ಗೇಟಿನ ಮೋಟರಿಗೆ ನೆಂಟರಿಲ್ಲ, ಜಾತಿಯಿಲ್ಲ, ಇಲೆಕ್ಷನ್ನಿಲ್ಲ. ಅದಕ್ಕೆ ಆದೇಶ ಕೊಡುವ ಕಂಪ್ಯೂಟರಿನ ಮುಂದೆ ಕೂತವರಿಗೆ ಇವೆಲ್ಲ ಇರಬಹುದು. ಹಳೆಯ ನೀರಗಂಟಿಯನ್ನಾದರೋ ತೂಬಿನ ಹತ್ತಿರ ಹಿಡಿದು ನಿಲ್ಲಿಸಿ ಜಗಳ ಆಡಬಹುದಿತ್ತು.

ನೀರಿನಲ್ಲಿ ನಿಧಾನವೇ ಪ್ರಧಾನವಾದರೆ ಅನಿಲದ ಪೈಪಿನಲ್ಲಿ ಪ್ರತಿ ನಿಮಿಷಕ್ಕೂ ಬೆಲೆ. 2010ರ ಸೆಪ್ಟೆಂಬರ್ 9ರ ಸಂಜೆ ಆರು ದಾಟಿದ ಹೊತ್ತು. ಕ್ಯಾಲಿಫೋರ್ನಿಯದ ಸ್ಯಾನ್ ಬ್ರೂನೊ ಎಂಬ ಊರಿನ ಬೀದಿಯಡಿ 1956ರಲ್ಲಿ ಹೂತಿದ್ದ 30 ಇಂಚಿನ ಅನಿಲದ ಪೈಪು ಸೀಳಿ ಹೊತ್ತಿಕೊಂಡಿತು. ವಿಮಾನ ಬಿದ್ದಿದೆ ಎಂದೇ ಮೊದಲು ಹಲವರು ತಿಳಿದರು. ಬೆಂಕಿ ಆರಬೇಕಾದರೆ ಅನಿಲ ನಿಲ್ಲಬೇಕು, ಅನಿಲ ನಿಲ್ಲಬೇಕಾದರೆ ಎರಡೂ ಕಡೆಯ ವಾಲ್ವು ಮುಚ್ಚಬೇಕು. ಆ ವಾಲ್ವುಗಳು ಕೈಯಿಂದ ತಿರುಗಿಸುವಂಥವು. ಬಲ್ಲ ಮೆಕ್ಯಾನಿಕ್ಕುಗಳು ಸಂಜೆಯ ಟ್ರಾಫಿಕ್ಕಿನಲ್ಲಿ ಬಂದು, ಸಲಕರಣೆ ತೆಗೆದುಕೊಂಡು, ವಾಲ್ವಿನ ಜಾಗ ತಲುಪಿ ಎಲ್ಲ ಮುಚ್ಚುವಷ್ಟರಲ್ಲಿ 95 ನಿಮಿಷ ಕಳೆದಿತ್ತು. ಎಂಟು ಜನ ಸತ್ತರು, 38 ಮನೆ ಬೂದಿಯಾದವು.

ದೂರದಿಂದ ಮುಚ್ಚುವ ಆಕ್ಚುಯೇಟರ್ ಆಗ ಹೊಸದೇನಲ್ಲ. ಯಾಕೆ ಹಾಕಿರಲಿಲ್ಲ ಎಂದರೆ ಅನಿಲ ಕಂಪನಿಗಳ ಬಳಿ ಹಳೆಯ ಉತ್ತರವೊಂದಿತ್ತು: ಸುಮ್ಮಸುಮ್ಮನೆ ಮುಚ್ಚಿಬಿಟ್ಟರೆ? ಸಾವಿರಾರು ಮನೆಯ ಒಲೆ ಆರುತ್ತವೆ, ಪ್ರತಿ ಮನೆಗೂ ಹೋಗಿ ಮತ್ತೆ ಹೊತ್ತಿಸಿ ಬರಬೇಕು. ವಾದದಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. 95 ನಿಮಿಷದ ಎದುರು ಮಾತ್ರ ಅದು ನಿಲ್ಲಲಿಲ್ಲ. 2022ರಲ್ಲಿ ಅಮೆರಿಕದ ಸರ್ಕಾರ ಆರು ಇಂಚು ಅಥವಾ ಅದಕ್ಕಿಂತ ದೊಡ್ಡ ಬಹುತೇಕ ಹೊಸ ಪೈಪುಗಳಿಗೆ ತಾನೇ ಮುಚ್ಚುವ ಅಥವಾ ದೂರದಿಂದ ಮುಚ್ಚುವ ವಾಲ್ವು ಕಡ್ಡಾಯ ಮಾಡಿತು. ಪೈಪು ಸೀಳಿದೆಯೆಂದು ಖಚಿತವಾದ 30 ನಿಮಿಷದೊಳಗೆ ಅದು ಮುಚ್ಚಿರಬೇಕು.

ಆಕ್ಚುಯೇಟರ್ ಹಾಕಿದ ಮಾತ್ರಕ್ಕೆ ಮುಗಿಯಿತೇ? 2009ರ ಅಕ್ಟೋಬರ್ 29ರಂದು ಜೈಪುರದ ಸೀತಾಪುರ ತೈಲ ಡಿಪೋದಲ್ಲಿ ಪೆಟ್ರೋಲ್ ಸೋರತೊಡಗಿದಾಗ ಟ್ಯಾಂಕಿನ ಬುಡದಲ್ಲಿ ಮೋಟರಿನ ವಾಲ್ವು ಇತ್ತು. ಆವಿಗೆ ತತ್ತರಿಸಿದ ಸಿಬ್ಬಂದಿಗೆ ಅದರ ಹತ್ತಿರ ಹೋಗಲಾಗಲಿಲ್ಲ. ಕಂಟ್ರೋಲ್ ರೂಮಿನಿಂದ ಮುಚ್ಚುವ ವ್ಯವಸ್ಥೆ ಕೆಲಸ ಮಾಡುವ ಸ್ಥಿತಿಯಲ್ಲಿರಲಿಲ್ಲ ಎಂದು ತನಿಖೆಯ ಎಂ.ಬಿ. ಲಾಲ್ ಸಮಿತಿ ಬರೆಯಿತು. ಒಂದೂಕಾಲು ಗಂಟೆ ಸೋರಿದ ಮೇಲೆ ಆವಿಯ ಮೋಡ ಸಿಡಿಯಿತು. ಹತ್ತಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು, ಬೆಂಕಿ ವಾರಕ್ಕೂ ಮೀರಿ ಉರಿಯಿತು.

ರಾಸಾಯನಿಕ ಕಾರ್ಖಾನೆ, ಸಕ್ಕರೆ ಕಾರ್ಖಾನೆಗಳಲ್ಲಿ ಎಲೆಕ್ಟ್ರಿಕ್ಕಿಗಿಂತ ಗಾಳಿಯ ಆಕ್ಚುಯೇಟರುಗಳೇ ಹೆಚ್ಚು ಕಾಣುತ್ತವೆ. ಅವು ಅಗ್ಗ, ಚುರುಕು, ಕಿಡಿ ಹಾರುವ ಭಯವಿಲ್ಲ. ಗಾಳಿ ನಿಂತರೆ ಸ್ಪ್ರಿಂಗು ತಳ್ಳಿ ವಾಲ್ವನ್ನು ಸುರಕ್ಷಿತ ಕಡೆಗೆ ಒಯ್ಯುತ್ತದೆ. ವರ್ಮಿನ ಹಟಮಾರಿತನ ಶಾಪವಾಗುವುದು ಇಲ್ಲಿ: ಕರೆಂಟು ಹೋದರೆ ಎಲೆಕ್ಟ್ರಿಕ್ಕಿನದು ಇದ್ದಲ್ಲೇ ನಿಲ್ಲುತ್ತದೆ. ಈಚೆಗೆ ತಕ್ಕಡಿ ಸ್ವಲ್ಪ ಎಲೆಕ್ಟ್ರಿಕ್ಕಿನ ಕಡೆ ವಾಲುತ್ತಿರುವುದಕ್ಕೆ ಕಾರಣ ಹವಾಮಾನ. ದೂರದ ಅನಿಲ ಬಾವಿಗಳಲ್ಲಿ ಗಾಳಿಯ ಕಂಪ್ರೆಸರ್ ಯಾಕೆಂದು ಪೈಪಿನ ಅನಿಲದಿಂದಲೇ ವಾಲ್ವು ಓಡಿಸುವ ರೂಢಿಯಿದೆ. ಪ್ರತಿ ಸಲ ವಾಲ್ವು ಅಲುಗಿದಾಗಲೂ ಒಂದಿಷ್ಟು ಮೀಥೇನ್ ಆಕಾಶಕ್ಕೆ. ಇಪ್ಪತ್ತು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಶಾಖ ಹಿಡಿಯುವಂಥದ್ದು. ಸೌರಫಲಕ, ಬ್ಯಾಟರಿ, ಸಣ್ಣ ಮೋಟರು ಅಲ್ಲಿಗೆ ಬಂದದ್ದು ಹಾಗೆ.

ಗಾಳಿಯೋ ಕರೆಂಟೋ ಎಂಬ ಈ ತಕರಾರು ಪುಸ್ತಕದಿಂದ ಎದ್ದು ನಿಜವಾಗಿ ಕಣ್ಣೆದುರು ನಿಂತದ್ದು ಜಪಾನಿನ ಫುಕುಶಿಮಾ ಅಣುಸ್ಥಾವರದಲ್ಲಿ. 2011ರ ಮಾರ್ಚ್ 11ರಂದು ಸುನಾಮಿ ಅಪ್ಪಳಿಸುವ ಮೊದಲು ಒಂದನೇ ಘಟಕದ ಆಪರೇಟರುಗಳು, ರಿಯಾಕ್ಟರು ತೀರ ಬೇಗ ತಣಿಯಬಾರದೆಂದು, ತಣಿಸುವ ವ್ಯವಸ್ಥೆಯ ಒಂದು ವಾಲ್ವನ್ನು ಆಗಾಗ ತೆಗೆದು ಮುಚ್ಚಿ ಮಾಡುತ್ತಿದ್ದರು. ಅಲೆ ಬಂದು ಕರೆಂಟು, ಬ್ಯಾಟರಿ ಎರಡೂ ಹೋದವು. ದೀಪಗಳೆಲ್ಲ ಆರಿದವು. ವಾಲ್ವು ತೆರೆದಿತ್ತೋ ಮುಚ್ಚಿತ್ತೋ ಕತ್ತಲಲ್ಲಿ ಯಾರಿಗೂ ಗೊತ್ತಿಲ್ಲ. ಸಂಜೆ ಕೆಲವು ದೀಪ ಮಿಣುಕಿದಾಗ ಕಂಡದ್ದು: ಮುಚ್ಚಿದೆ.

ರಾತ್ರಿ ಒತ್ತಡ ಏರಿ, ಉಗಿಯನ್ನು ಹೊರಬಿಡದೆ ಗತಿಯಿಲ್ಲ ಎನ್ನುವಂತಾಯಿತು. ಹೊರದಾರಿಯಲ್ಲಿ ಎರಡು ವಾಲ್ವು, ಒಂದು ಮೋಟರಿನದು, ಒಂದು ಗಾಳಿಯದು. ಮಾರನೆಯ ಬೆಳಗ್ಗೆ ಒಂಬತ್ತು ಗಂಟೆ ದಾಟುತ್ತಲೇ ಇಬ್ಬರು ಟಾರ್ಚು ಹಿಡಿದು ಕತ್ತಲ ಕಟ್ಟಡದೊಳಗೆ ಹೋಗಿ, ಮೋಟರಿನ ವಾಲ್ವಿನ ಹ್ಯಾಂಡ್‌ವೀಲು ತಿರುಗಿಸಿ ಶೇಕಡಾ 25ರಷ್ಟು ತೆರೆದು ಬಂದರು. ಗಾಳಿಯ ವಾಲ್ವಿನತ್ತ ಹೊರಟ ಎರಡನೇ ತಂಡ ವಿಕಿರಣದ ಮಟ್ಟ ನೋಡಿ ಅರ್ಧ ದಾರಿಯಿಂದ ಹಿಂತಿರುಗಬೇಕಾಯಿತು. ಆಮೇಲೆ ಎಲ್ಲಿಂದಲೋ ಕಂಪ್ರೆಸರ್ ತಂದು ಜೋಡಿಸಿ ಗಾಳಿ ತುಂಬುವಷ್ಟರಲ್ಲಿ ಮಧ್ಯಾಹ್ನ ಎರಡು. ಎರಡೂವರೆ ಹೊತ್ತಿಗೆ ಒತ್ತಡ ಇಳಿಯಿತು. 3 ಗಂಟೆ 36 ನಿಮಿಷಕ್ಕೆ, ಆಗಲೇ ಕಟ್ಟಡದೊಳಗೆ ಸೇರಿದ್ದ ಹೈಡ್ರೋಜನ್ ಸಿಡಿದು ಮೇಲ್ಭಾಗ ಹಾರಿಹೋಯಿತು.

ಆ ಹ್ಯಾಂಡ್‌ವೀಲು ಪ್ರತಿ ದೊಡ್ಡ ಎಂಓವಿಯ ಪಕ್ಕೆಯಲ್ಲೂ ಇರುತ್ತದೆ. ಪಕ್ಕದಲ್ಲಿ ಒಂದು ಲಿವರ್. ಲಿವರ್ ಒತ್ತಿ ಚಕ್ರ ಸ್ವಲ್ಪ ತಿರುಗಿಸಿದರೆ ಮೋಟರಿನ ಸಂಬಂಧ ಕಡಿದು ಕೈಯ ಸಂಬಂಧ ಕೂಡುತ್ತದೆ. ನಡುವೆ ಕರೆಂಟು ಬಂದು ಮೋಟರು ಹೊರಟಿತೋ, ಲಿವರ್ ತಾನೇ ಕಳಚಿಕೊಂಡು ಚಕ್ರವನ್ನು ಬಿಟ್ಟುಬಿಡುತ್ತದೆ. ಹಿಡಿದವನ ತೋಳು ಮುರಿಯದಿರಲೆಂದು.

ದೊಡ್ಡ ದೊಡ್ಡ ಊರು, ಸ್ಥಾವರಗಳ ಮಾತಾಯಿತು. ಇದೇ ವಂಶದ ಕಿರಿಯ ಕುಡಿಯೊಂದು ಅನೇಕರ ಮನೆಯ ಬಾಲ್ಕನಿಯಲ್ಲಿದೆ. ಹಲವು ಇನ್ವರ್ಟರ್ ಎಸಿಗಳ ಹೊರಪೆಟ್ಟಿಗೆಯೊಳಗೆ ಶೀತಕದ ಹರಿವು ಹದಮಾಡುವ ಬೆರಳುಗಾತ್ರದ ವಾಲ್ವು ಇರುತ್ತದೆ. ಅದರ ತಲೆಯ ಮೇಲೆ ಸ್ಟೆಪರ್ ಮೋಟರು, ಪೂರಾ ತೆರೆಯಲು ಸುಮಾರು 500 ಪುಟ್ಟ ಹೆಜ್ಜೆ. ಬೆಲೆ ಇಳಿಸಲು ಅದಕ್ಕೆ ಎನ್‌ಕೋಡರ್ ಕೊಟ್ಟಿರುವುದಿಲ್ಲ. ಎಷ್ಟು ಹೆಜ್ಜೆ ಇಟ್ಟೆ ಎಂಬ ಎಣಿಕೆಯೊಂದೇ ಅದರ ನೆನಪು. ಕರೆಂಟು ಹೋದರೆ ಆ ನೆನಪಿಗೂ ಭರವಸೆಯಿಲ್ಲ. ಹಾಗಾಗಿ ಕರೆಂಟು ಬಂದ ಕೂಡಲೇ ಅದು ಮೊದಲು ಮಾಡುವ ಕೆಲಸ, ಇರುವುದಕ್ಕಿಂತ ಹೆಚ್ಚೇ ಹೆಜ್ಜೆ ಹಿಂದಕ್ಕೆ ನಡೆದು ಕೊನೆಯ ಗೋಡೆಗೆ ತಲೆ ಚಚ್ಚಿಕೊಳ್ಳುವುದು. ಗೋಡೆ ಸಿಕ್ಕಿತು, ಸೊನ್ನೆ ಸಿಕ್ಕಿತು, ಇನ್ನು ಎಣಿಸಲು ಶುರು. ಏಪ್ರಿಲ್ಲಿನ ಮಧ್ಯಾಹ್ನ ಕರೆಂಟು ಹೋಗಿ ಬಂದಮೇಲೆ, ಫ್ಯಾನು ಇನ್ನೂ ತಿರುಗದ ಹೊರಪೆಟ್ಟಿಗೆಯಿಂದ ಕೆಲವು ಸೆಕೆಂಡು ಕೇಳಿಬರುವ 'ಟಕಟಕಟಕ' ಅದೇ.